ಯಾವ ನಿಯಮಕ್ಕೂ ಸಿಗದ ಸತ್ಯ

1978ರ ಜನವರಿ 14ರಂದು ಅಮೆರಿಕದ ಪ್ರಿನ್ಸ್‌ಟನ್‌ನ ಆಸ್ಪತ್ರೆಯಲ್ಲಿ 71 ವರ್ಷದ ಒಬ್ಬ ಗಣಿತಜ್ಞ ತೀರಿಕೊಂಡ. ಆಗ ಆತನ ತೂಕ ಸುಮಾರು 30 ಕೆ.ಜಿ. ಮನೆಯಲ್ಲಿ ಬಡತನವಿರಲಿಲ್ಲ. ಊಟದಲ್ಲಿ ಯಾರೋ ವಿಷ ಹಾಕುತ್ತಾರೆ ಎಂಬ ಭಯವಿತ್ತು. ಹೆಂಡತಿ ಅಡೆಲೆಯ ಕೈಯಡುಗೆಯನ್ನಷ್ಟೇ ನಂಬುತ್ತಿದ್ದ. ಆಕೆ ಕಾಯಿಲೆಯಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ಈತ ಹೆಚ್ಚುಕಡಿಮೆ ಉಪವಾಸವೇ ಉಳಿದ. ಆಕೆ ಮನೆಗೆ ಮರಳುವಷ್ಟರಲ್ಲಿ ತಡವಾಗಿತ್ತು.

ಆತನೇ ಕುರ್ಟ್ ಗೋಡೆಲ್. ತರ್ಕಶಾಸ್ತ್ರದಲ್ಲಿ ಅರಿಸ್ಟಾಟಲ್‌ನ ಪಕ್ಕ ಕೂರಿಸುವ ಹೆಸರು.

ಹುಟ್ಟಿದ್ದು 1906ರಲ್ಲಿ, ಈಗ ಚೆಕ್ ದೇಶದಲ್ಲಿರುವ ಬ್ರನೋ ನಗರದಲ್ಲಿ. ಮಾತುಮಾತಿಗೆ ಪ್ರಶ್ನೆ ಕೇಳುತ್ತಿದ್ದುದರಿಂದ ಮನೆಯವರು ‘ಯಾಕೆ ಸಾಹೇಬ’ ಎಂದು ಅಡ್ಡಹೆಸರಿಟ್ಟಿದ್ದರು. ಓದಿದ್ದು ವಿಯೆನ್ನಾದಲ್ಲಿ.

ಆಗ ಗಣಿತಲೋಕದ ಹಿರಿಯ ಡೇವಿಡ್ ಹಿಲ್ಬರ್ಟ್. ಆತನಿಗೊಂದು ದೊಡ್ಡ ಆಸೆ. ಗಣಿತಕ್ಕೆಲ್ಲ ಬುನಾದಿಯಾಗುವ ಕೆಲವು ನಿಯಮ ಬರೆದಿಡಬೇಕು, ಅವುಗಳಿಂದ ಹೆಜ್ಜೆಹೆಜ್ಜೆಯಾಗಿ ಹೊರಟರೆ ಪ್ರತಿ ಪ್ರಶ್ನೆಗೂ ಉತ್ತರ ಸಿಗಬೇಕು, ಆ ನಿಯಮಗಳು ಒಂದಕ್ಕೊಂದು ವಿರೋಧವಾಗುವುದಿಲ್ಲ ಎಂಬುದೂ ಖಾತ್ರಿಯಾಗಬೇಕು. 1930ರ ಸೆಪ್ಟೆಂಬರ್ 8ರಂದು ಕೋನಿಗ್ಸ್‌ಬರ್ಗ್‌ನಲ್ಲಿ ಆತ ಇದೇ ಭರವಸೆಯಿಂದ ಭಾಷಣ ಮಾಡಿದ. ತಮಾಷೆ ನೋಡಿ, ಹಿಂದಿನ ದಿನವಷ್ಟೇ ಅದೇ ಊರಿನ ಇನ್ನೊಂದು ಸಭೆಯಲ್ಲಿ 24 ವರ್ಷದ ಗೋಡೆಲ್ ಆ ಆಸೆಯನ್ನೇ ಮುರಿಯುವ ಮಾತೊಂದನ್ನು ಮೆಲ್ಲಗೆ ಹೇಳಿ ಕೂತಿದ್ದ. ಅದರ ತೂಕ ತಕ್ಷಣ ಹಿಡಿದವನು ಫಾನ್ ನಾಯ್ಮನ್. ಮರುವರ್ಷ ಅದು ಪ್ರಬಂಧವಾಗಿ ಅಚ್ಚಾಯಿತು.

ಗೋಡೆಲ್ ಮಾಡಿದ್ದೇನು? ನೀವು ಫೋನಿನಲ್ಲಿ ಓದುತ್ತಿರುವ ಈ ಅಕ್ಷರಗಳು ಒಳಗೆ ಬರೀ ಸಂಖ್ಯೆಗಳು ತಾನೇ? ಕಂಪ್ಯೂಟರ್ ಬರುವ ಮೊದಲೇ ಆತ ಗಣಿತದ ಪ್ರತಿ ಚಿಹ್ನೆಗೆ, ಪ್ರತಿ ವಾಕ್ಯಕ್ಕೆ ಒಂದೊಂದು ಸಂಖ್ಯೆ ಕೊಟ್ಟ. ಹಾಗಾಗಿ ಸಂಖ್ಯೆಗಳ ಬಗ್ಗೆ ಮಾತಾಡುವ ವಾಕ್ಯ ವಾಕ್ಯಗಳ ಬಗ್ಗೆಯೂ ಮಾತಾಡುವಂತಾಯಿತು, ತನ್ನ ಬಗ್ಗೆಯೂ. ಆಗ ಆತ ಕಟ್ಟಿದ ವಾಕ್ಯದ ಅರ್ಥ ಇದು: ‘ಈ ನಿಯಮಗಳಿಂದ ನನ್ನನ್ನು ಸಾಧಿಸಲಾಗದು.’

ನಿಧಾನವಾಗಿ ಯೋಚಿಸಿ. ನಿಯಮಗಳು ಅದನ್ನು ಸಾಧಿಸಿಬಿಟ್ಟರೆ ಸುಳ್ಳನ್ನು ಸಾಧಿಸಿದಂತೆ. ಸುಳ್ಳನ್ನು ಸಾಧಿಸದ ನಿಯಮಗಳಾದರೆ ಅದನ್ನು ಸಾಧಿಸಲಾರವು. ಅಂದರೆ ಆ ವಾಕ್ಯ ಹೇಳಿದ್ದು ನಿಜ! ನಿಜ, ಆದರೆ ಆ ನಿಯಮಗಳ ಕೈಗೆ ಸಿಗದು. ಅದನ್ನೇ ಹೊಸ ನಿಯಮವಾಗಿ ಸೇರಿಸಿಕೊಳ್ಳೋಣವೆಂದರೆ ಅಂಥದ್ದೇ ಇನ್ನೊಂದು ವಾಕ್ಯ ಹುಟ್ಟುತ್ತದೆ. ಜೊತೆಗೆ, ತಮ್ಮಲ್ಲಿ ವಿರೋಧವಿಲ್ಲ ಎಂಬುದನ್ನು ಇಂಥ ನಿಯಮಗಳು ತಾವೇ ಸಾಧಿಸಲಾರವು. ಸಂಘದ ಲೆಕ್ಕವನ್ನು ಸಂಘದ ಕಾರ್ಯದರ್ಶಿಯೇ ಆಡಿಟ್ ಮಾಡಿದರೆ ನಾವು ಒಪ್ಪುತ್ತೇವೆಯೇ? ಹೋಲಿಕೆ ಪೂರ್ತಿ ಕೂಡುವುದಿಲ್ಲ, ಆದರೂ ದಾರಿ ತೋರಿಸುತ್ತದೆ.

ಇದನ್ನು ಹಿಡಿದುಕೊಂಡು ‘ಗಣಿತವೇ ನಂಬಿಕೆಗೆ ಅರ್ಹವಲ್ಲ’ ಎನ್ನುವವರಿದ್ದಾರೆ. ಅದು ತಪ್ಪು. ಸಾಧಿಸಿದ್ದು ಹಾಗೇ ಉಳಿದಿದೆ. ನಿಯಮದ ಪುಸ್ತಕ ಎಷ್ಟೇ ದಪ್ಪವಾದರೂ ಸತ್ಯವೆಲ್ಲ ಅದರೊಳಗೆ ಹಿಡಿಸದು ಎಂದಷ್ಟೇ ಗೋಡೆಲ್ ತೋರಿಸಿದ್ದು.

ಬದುಕು ಮಾತ್ರ ನೆಟ್ಟಗಿರಲಿಲ್ಲ. 1936ರಲ್ಲಿ ಆತನ ಗುರು ಶ್ಲಿಕ್‌ನನ್ನು ವಿಯೆನ್ನಾ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಗುಂಡಿಟ್ಟು ಕೊಂದ. ಗೋಡೆಲ್ ಮನಸ್ಸು ಕುಸಿಯಿತು. 1938ರಲ್ಲಿ ಅಡೆಲೆಯನ್ನು ಮದುವೆಯಾದ. ಆಕೆ ಕ್ಲಬ್‌ನಲ್ಲಿ ನರ್ತಕಿಯಾಗಿದ್ದವಳು, ವಯಸ್ಸಿನಲ್ಲಿ ದೊಡ್ಡವಳು, ಮನೆಯವರಿಗೆ ಇಷ್ಟವಿರಲಿಲ್ಲ. ಬೀದಿಯಲ್ಲಿ ನಾಜಿ ಹುಡುಗರು ಗೋಡೆಲ್ ಮೇಲೆ ಬಿದ್ದಾಗ ಛತ್ರಿ ಬೀಸಿ ಓಡಿಸಿದವಳೂ ಆಕೆಯೇ. 1940ರಲ್ಲಿ ಯುದ್ಧದ ನಡುವೆ ಇಬ್ಬರೂ ಸೈಬೀರಿಯಾ ರೈಲು ಹಿಡಿದು, ಜಪಾನಿನಿಂದ ಹಡಗು ಹತ್ತಿ ಅಮೆರಿಕ ಸೇರಿದರು. ಪ್ರಿನ್ಸ್‌ಟನ್‌ನ ಸಂಶೋಧನಾ ಸಂಸ್ಥೆಯಲ್ಲಿ ಐನ್‌ಸ್ಟೈನ್ ಆತನ ಆಪ್ತ ಗೆಳೆಯನಾದ. ಇಬ್ಬರೂ ಜೊತೆಯಾಗಿ ಮನೆಗೆ ನಡೆದು ಹೋಗುತ್ತಿದ್ದರು.

ಗಂಡ ಸತ್ತ ಮೂರು ವರ್ಷಕ್ಕೆ, 1981ರಲ್ಲಿ, ಅಡೆಲೆಯೂ ತೀರಿಕೊಂಡಳು. ಆತ ಬರೆದಿಟ್ಟ ಕಾಗದಪತ್ರಗಳು ಆ ಸಂಸ್ಥೆಗೆ ಸೇರಬೇಕೆಂದು ಆಕೆ ಉಯಿಲು ಬರೆದಿಟ್ಟಿದ್ದಳು.