ಮಿದುಳಿನ ಗಡ್ಡೆ: ಹೆಸರು ಉಳಿಯದವರ ಚರಿತ್ರೆ

ಕೇರಳದಲ್ಲಿ ಜೂನ್ ಬಂತೆಂದರೆ ಶಾಲೆಗಳಲ್ಲಿ ಪ್ರವೇಶೋತ್ಸವದ ಗಡಿಬಿಡಿ. 5ನೇ ತಾರೀಕಿಗೆ ಪರಿಸರ ದಿನ, ಗಿಡ ನೆಡುತ್ತೇವೆ. ಅದಾಗಿ ಮೂರು ದಿನಕ್ಕೆ ಇನ್ನೊಂದು ದಿನಾಚರಣೆ ಇದೆ. ಜೂನ್ 8, ವಿಶ್ವ ಮಿದುಳು ಗಡ್ಡೆ ದಿನ. ಮಿದುಳು ಗಡ್ಡೆ ರೋಗಿಗಳ ನೆರವಿಗಾಗಿ ಇರುವ ಜರ್ಮನಿಯ ಸಂಘವೊಂದು 2000ದಲ್ಲಿ ಇದನ್ನು ಆರಂಭಿಸಿತು. ರೋಗಿಗಳನ್ನೂ ಅವರ ಮನೆಯವರನ್ನೂ ನೆನೆಯುವ ದಿನ ಇದು.

ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆ ಓದಿದರೆ ವೈದ್ಯರ ಹೆಸರುಗಳೇ ಸಾಲು ಸಾಲಾಗಿ ಸಿಗುತ್ತವೆ. ಆಪರೇಷನ್ ಮೇಜಿನ ಮೇಲೆ ಮಲಗಿದವರ ಹೆಸರನ್ನು ಹುಡುಕಬೇಕು. ಅವರು ಧೈರ್ಯ ಮಾಡಿ ಮಲಗದಿದ್ದರೆ ಆ ವೈದ್ಯರ ಹೆಸರೂ ಉಳಿಯುತ್ತಿರಲಿಲ್ಲ!

1879ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಮ್ಯಾಕ್ಯುವೆನ್ ಎಂಬ ವೈದ್ಯರು 14 ವರ್ಷದ ಹುಡುಗಿಯೊಬ್ಬಳ ಮಿದುಳಿನ ಹೊರಪೊರೆಯಲ್ಲಿದ್ದ ಗಡ್ಡೆಯನ್ನು ತೆಗೆದರು. ನಮ್ಮ ಎಂಟು, ಒಂಬತ್ತನೇ ತರಗತಿಯ ಮಕ್ಕಳ ಪ್ರಾಯ. ಹುಡುಗಿ ಬದುಕಿದಳು, ಮತ್ತೆ ಎಂಟು ವರ್ಷ ಬಾಳಿದಳು.

ಐದು ವರ್ಷದ ನಂತರ ಲಂಡನ್ನಿನಲ್ಲಿ 25 ವರ್ಷದ ರೈತನೊಬ್ಬ ಆಸ್ಪತ್ರೆಗೆ ಬಂದ. ತಡೆಯಲಾಗದ ತಲೆನೋವು, ವಾಂತಿ, ಮುಖದ ಎಡಭಾಗದಲ್ಲಿ ಸೆಳೆತ. ಎಡಗೈಯ ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಆಗ ಎಕ್ಸ್‌ರೇ ಕೂಡ ಇರಲಿಲ್ಲ, ಅದು ಬಂದದ್ದು 1895ರಲ್ಲಿ. ದೇಹದ ಎಡಭಾಗವನ್ನು ನಡೆಸುವುದು ಮಿದುಳಿನ ಬಲಭಾಗ. ಕೈ, ಮುಖದ ಲಕ್ಷಣಗಳನ್ನಷ್ಟೇ ನೋಡಿ, ಗಡ್ಡೆ ಇಂಥ ಜಾಗದಲ್ಲೇ ಇದೆ ಎಂದು ಹ್ಯೂಸ್ ಬೆನೆಟ್ ಎಂಬ ವೈದ್ಯರು ಹೇಳಿದರು. 1884ರ ನವೆಂಬರ್ 25ರಂದು ರಿಕ್‌ಮನ್ ಗಾಡ್ಲಿ ಅಲ್ಲೇ ತಲೆಬುರುಡೆ ತೆರೆದರು. ಹೇಳಿದ ಜಾಗದಲ್ಲೇ ಗಡ್ಡೆ ಇತ್ತು. ಆದರೆ ಗಾಯಕ್ಕೆ ನಂಜೇರಿತು. 28 ದಿನ ಕಳೆದ ಮೇಲೆ ಆ ರೈತ ತೀರಿಕೊಂಡ. ಹೊರಗಿನ ಲಕ್ಷಣದಿಂದ ಒಳಗಿನ ಗಡ್ಡೆಯ ಜಾಗ ಗುರುತಿಸಬಹುದೆಂದು ಜಗತ್ತಿಗೆ ಗೊತ್ತಾದದ್ದು ಅವನಿಂದ.

ಮೂರನೆಯವರು ರೂತ್. ಆರು ಮಕ್ಕಳ ತಾಯಿ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಪ್ರಸಿದ್ಧ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರ ಅಕ್ಕ. 1928ರಲ್ಲಿ ತಮ್ಮನೇ ಅಕ್ಕನ ಆಪರೇಷನ್ ಮಾಡಿದರು. ಗಡ್ಡೆಯ ಜೊತೆಗೆ ಮಿದುಳಿನ ಬಲ ಮುಂಭಾಗದ ಬಹುಪಾಲನ್ನು ತೆಗೆಯಬೇಕಾಯಿತು. ರೂತ್ ಮನೆಗೆ ಮರಳಿದರು. ಮಾತು, ನೆನಪು, ಮಮತೆ ಎಲ್ಲವೂ ಇತ್ತು. ಒಂದು ದಿನ ತಮ್ಮ ಊಟಕ್ಕೆ ಬರುವವರಿದ್ದರು. ಅಡುಗೆಯಲ್ಲಿ ಪಳಗಿದ ಕೈ ಅವರದ್ದು. ಸಾಮಾನು ಎಲ್ಲಾ ಎದುರಿಗೇ ಇತ್ತು. ಆದರೂ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ತೋಚದೆ ಅಡುಗೆಮನೆಯಲ್ಲಿ ಕಂಗಾಲಾಗಿದ್ದರು. ಸ್ವಲ್ಪ ಸಹಾಯ ಸಿಕ್ಕಿದ್ದೇ ತಡ, ಊಟ ಸಿದ್ಧವಾಯಿತು. ಕೆಲಸಗಳನ್ನು ಯೋಜಿಸಿ ಜೋಡಿಸುವುದರಲ್ಲಿ ಮಿದುಳಿನ ಮುಂಭಾಗದ ಪಾತ್ರವೇನೆಂದು ತಿಳಿಸಿದ ಘಟನೆಗಳಲ್ಲಿ ಇದೂ ಒಂದು. ಗಡ್ಡೆ ಮತ್ತೆ ಬೆಳೆಯಿತು. 1931ರಲ್ಲಿ ರೂತ್ ತೀರಿಕೊಂಡರು.

ಇಲ್ಲಿಂದ ಚರಿತ್ರೆ ನಮ್ಮ ಕಡೆಗೆ ತಿರುಗುತ್ತದೆ. ಪೆನ್‌ಫೀಲ್ಡ್ 1934ರಲ್ಲಿ ಮಾಂಟ್ರಿಯಲ್‌ನಲ್ಲಿ ನರರೋಗಗಳಿಗೆಂದೇ ಒಂದು ಸಂಸ್ಥೆ ತೆರೆದರು. ನಮ್ಮದೇ ಕೇರಳದ ಕೋಟ್ಟಯಂನಲ್ಲಿ ಹುಟ್ಟಿದ ಡಾ. ಜೇಕಬ್ ಚಾಂಡಿ ಅಲ್ಲಿ ಕಲಿತರು. ಊರಿಗೆ ಮರಳಿ, 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದರು. ರೂತ್ ಅವರ ಆಪರೇಷನ್ ಮಾಡಿದ ಕೈಯಿಂದ ಕಲಿತ ವಿದ್ಯೆ ಹೀಗೆ ದಕ್ಷಿಣ ಭಾರತದ ರೋಗಿಗಳವರೆಗೂ ಬಂತು.

ಇನ್ನೊಬ್ಬರು ಉಳಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಸಿ.ಟಿ. ಸ್ಕ್ಯಾನ್ ನಡೆಯಿತು. ಮಿದುಳಿನಲ್ಲಿ ಗಡ್ಡೆ ಇದೆಯೆಂಬ ಸಂಶಯವಿದ್ದ ಮಹಿಳೆ ಅವರು. ಯಂತ್ರ ರೂಪಿಸಿದ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಬಹುಮಾನ ಹಂಚಿಕೊಂಡರು. ಕ್ವಿಜ್‌ನಲ್ಲಿ ಅವರ ಹೆಸರು ಕೇಳುತ್ತೇವೆ, ಆ ಮಹಿಳೆಯದ್ದು ಕೇಳುವುದಿಲ್ಲ.

ಇಂದು ಕಾಸರಗೋಡಿನ ರೋಗಿಗಳು ತಲಪಾಡಿ ದಾಟಿ ಮಂಗಳೂರಿಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ, ತಿರುವನಂತಪುರದ ಶ್ರೀಚಿತ್ರಾಕ್ಕೆ ಹೋಗುತ್ತಾರೆ. ಗುಣವಾಗಿ ಬಂದವರಿದ್ದಾರೆ, ಬಾರದವರೂ ಇದ್ದಾರೆ. ಇವರನ್ನು ಗೌರವಿಸಲು ಶಾಲೆ ಏನು ಮಾಡಬಹುದು? ಮೊದಲನೆಯದಾಗಿ, "ತಲೆ ಕೆಟ್ಟಿದೆ" ಎಂಬ ಮಾತನ್ನು ಮಕ್ಕಳ ಬಾಯಿಯಿಂದ ಬಿಡಿಸಬೇಕು. ಎರಡನೆಯದಾಗಿ, ಮಗುವಿನ ಕಡೆಗೆ ಕಣ್ಣಿಡಬೇಕು. ಎಲ್ಲಾ ತಲೆನೋವೂ ಗಡ್ಡೆಯಲ್ಲ, ಹೆದರಬೇಕಾಗಿಲ್ಲ. ಆದರೆ ಬೆಳಿಗ್ಗೆ ಎದ್ದೊಡನೆ ಮತ್ತೆ ಮತ್ತೆ ತಲೆನೋವು, ವಾಂತಿ, ಒಂದು ಎರಡಾಗಿ ಕಾಣುವುದು, ನಡೆಯುವಾಗ ವಾಲುವುದು, ಚೆಂದವಿದ್ದ ಅಕ್ಷರ ಇದ್ದಕ್ಕಿದ್ದಂತೆ ಕೆಡುವುದು, ಇವು ಕಂಡರೆ "ಸೋಮಾರಿ" ಎಂದು ಗದರಿಸುವ ಮೊದಲು ಹೆತ್ತವರನ್ನು ಕರೆದು, ವೈದ್ಯರಿಗೆ ತೋರಿಸಲು ಹೇಳೋಣ.

ಜೂನ್ 8ರ ಅಸೆಂಬ್ಲಿಯಲ್ಲಿ ಎರಡು ನಿಮಿಷ ಸಾಕು. ಆ ರೈತನ ಕಥೆ ಹೇಳಿ, ರೂತ್ ಕಥೆ ಹೇಳಿ. ಊರಿನಲ್ಲಿ ಈ ಕಾಯಿಲೆಯ ಮನೆಗಳಿದ್ದರೆ, ಆ ಮನೆಯ ಮಗು ನಿಮ್ಮ ಸಾಲಿನಲ್ಲೇ ನಿಂತಿರಬಹುದು.