ಹರಟೆಮಲ್ಲಗಳ ವಂಶಾವಳಿ

ಕನ್ನಡನಾಡಿನ ಯಾವ ತೋಪಿನಲ್ಲಿಯೇ ಆಗಲಿ, ಹೊಲದಂಚಿನ ಯಾವ ಬೇಲಿಯ ಮಗ್ಗುಲಿನಲ್ಲಿಯೇ ಆಗಲಿ, ಮಣ್ಣುಬಣ್ಣದ ಆರೇಳು ಹಕ್ಕಿಗಳು ಗುಂಪುಗೂಡಿ ತರಗೆಲೆಗಳನ್ನು ಕೆದಕುತ್ತ, ಒಂದನ್ನೊಂದು ಗದರಿಸುತ್ತ, ಮುಂದಿನದು ಹಾರಿದೊಡನೆ ಉಳಿದವೂ ಸಾಲಾಗಿ ತೇಲಿಹೋಗುವುದನ್ನು ಕಾಣದವರು ವಿರಳ. ಇವನ್ನು ನಾವು ಹರಟೆಮಲ್ಲ ಎನ್ನುತ್ತೇವೆ. ಉತ್ತರದವರು ಸಾತ್ ಭಾಯಿ ಎಂದರು. ಇಲ್ಲಿಗೆ ಬಂದ ಆಂಗ್ಲರು ಅವೇ ಹಕ್ಕಿಗಳನ್ನು ಏಳು ಮಂದಿ ಅಕ್ಕತಂಗಿಯರೆಂದು ಕರೆದರು. ಹೆಸರಿಡುವ ಕೆಲಸವನ್ನು ಸಾಮಾನ್ಯ ಜನರು ಇಷ್ಟು ಸುಲಭವಾಗಿ ಮುಗಿಸಿಬಿಟ್ಟಿದ್ದರೂ, ಗಾಯಕಪಕ್ಷಿಗಳ ವಿಶಾಲ ಸಮುದಾಯದಲ್ಲಿ ಇವು ಯಾರ ನೆಂಟರು, ಇವುಗಳ ಸ್ಥಾನ ಯಾವುದು ಎಂಬ ಪ್ರಶ್ನೆಯು ಪಕ್ಷಿಶಾಸ್ತ್ರಜ್ಞರನ್ನು ಸುಮಾರು ಎರಡು ಶತಮಾನಗಳ ಕಾಲ ಕಾಡಿತು.

ಆ ವ್ಯಾಜ್ಯಕ್ಕೆ ಮೊದಲಾದುದು ಜಾವಾ ದ್ವೀಪದಲ್ಲಿ. ಅಮೆರಿಕೆಯಲ್ಲಿ ಜನಿಸಿದ ವೈದ್ಯ ಥಾಮಸ್ ಹಾರ್ಸ್‌ಫೀಲ್ಡನು ಆ ದ್ವೀಪದಲ್ಲಿ ವರ್ಷಾನುಗಟ್ಟಲೆ ನೆಲಸಿ, ಸಸ್ಯಪ್ರಾಣಿಗಳನ್ನು ಸಂಗ್ರಹಿಸಿ, ತರುವಾಯ ಲಂಡನ್ನಿಗೆ ಬಂದು ಈಸ್ಟ್ ಇಂಡಿಯಾ ಕಂಪೆನಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದನು. ಕೆಂಗಂದು ನೆತ್ತಿಯ ಒಂದು ಜಾವಾ ಹಕ್ಕಿಗೆ 1821ರಲ್ಲಿ ಟಿಮಾಲಿಯಾ ಎಂಬ ಕುಲನಾಮವನ್ನು ಕೊಟ್ಟವನು ಅವನೇ. 1827ರಲ್ಲಿ ಅವನೂ ನಿಕೊಲಾಸ್ ವಿಗರ್ಸನೂ ಕೂಡಿ ಆ ಕುಲದ ಹೆಸರಿನಿಂದಲೇ ಟಿಮಾಲಿಡೇ ಎಂಬ ಕುಟುಂಬವೊಂದನ್ನು ಸ್ಥಾಪಿಸಿದರು. ಐದು ವರ್ಷಗಳಾದ ಮೇಲೆ ಕರ್ನಲ್ ಸೈಕ್ಸನು ದಖ್ಖನಿನ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದಾಗ, ನಮ್ಮ ಬಯಲುಸೀಮೆಯ ದೊಡ್ಡ ಬೂದು ಹರಟೆಮಲ್ಲನಿಗೆ ಮುಂಬಯಿಯ ಗವರ್ನರನಾಗಿದ್ದ ಜಾನ್ ಮಾಲ್ಕಮನ ಹೆಸರನ್ನು ಅಂಟಿಸಿ, ಅದನ್ನು ಜಾವಾದ ಆ ಕುಲಕ್ಕೇ ಸೇರಿಸಿದನು.

ಈ ಕುಟುಂಬಕ್ಕೆ ಲಕ್ಷಣವೆಂದು ಹೇಳಲ್ಪಟ್ಟವುಗಳನ್ನು ವಿಚಾರಿಸಿದರೆ ಮುಂದಿನ ತೊಡಕೆಲ್ಲ ಅರ್ಥವಾಗುತ್ತದೆ. ಗಿಡ್ಡವಾದ, ದುಂಡಾದ, ದೂರ ಹಾರಲಾರದ ರೆಕ್ಕೆ. ನೆಲದ ಮೇಲೂ ಪೊದೆಯೊಳಗೂ ಕುಪ್ಪಳಿಸುವುದಕ್ಕೆ ತಕ್ಕ ಬಲವಾದ ಕಾಲು. ಸೊಂಟದ ಮೇಲೆ ಸಡಿಲವಾಗಿ, ಮೃದುವಾಗಿ ಹರಡಿರುವ ಗರಿ. ಬಹುಮಟ್ಟಿಗೆ ಒಂದೇ ತೆರನಾದ ಗಂಡುಹೆಣ್ಣುಗಳು. ವಲಸೆ ಹೋಗದೆ ಹುಟ್ಟಿದ ಕಾಡಿನಲ್ಲಿಯೇ ಗುಂಪಾಗಿ ಬಾಳುವ ಸ್ವಭಾವ. ಇವೆಲ್ಲವೂ ಸತ್ಯವಾದ ವರ್ಣನೆಗಳೇ. ಆದರೆ ದಟ್ಟವಾದ ಪೊದೆಗಳಲ್ಲಿ ಸದಾ ನುಸುಳಿ ಬಾಳಬೇಕಾದ ಯಾವ ಹಕ್ಕಿಯೇ ಆದರೂ, ಅದರ ಪೂರ್ವಜರು ಯಾರೇ ಆಗಿದ್ದರೂ, ಕಾಲಕ್ರಮದಲ್ಲಿ ಇಂತಹ ರೆಕ್ಕೆಯನ್ನೂ ಇಂತಹ ಕಾಲನ್ನೂ ಪಡೆಯಬಲ್ಲುದು. ರಕ್ತಸಂಬಂಧಕ್ಕೆ ಇವು ಸಾಕ್ಷಿಯಾಗಲಾರವು. ಯೂಜೀನ್ ಓಟ್ಸನು 1889ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಗಾಗಿ ಪಕ್ಷಿಗಳ ಮೊದಲ ಸಂಪುಟವನ್ನು ರಚಿಸುವಾಗ, ಮರಿಯ ಗರಿಗಳ ಮೇಲೆ ಚುಕ್ಕೆಗಳಿವೆಯೋ ಇಲ್ಲವೋ ಎಂಬುದನ್ನು ಒಂದು ಮುಖ್ಯ ಪ್ರಮಾಣವನ್ನಾಗಿ ಹಿಡಿದನು: ಥ್ರಷ್ ಹಕ್ಕಿಗಳ ಮರಿಗಳಿಗೆ ಚುಕ್ಕೆಗಳುಂಟು, ಹರಟೆಮಲ್ಲಗಳ ಮರಿಗಳಿಗೆ ಇಲ್ಲ. ಇದು ಸೂಕ್ಷ್ಮವಾದ ನೋಟವೇ ಸರಿ. ಆದರೂ ಪಿಕಳಾರಗಳು ಕೂಡ ಅದೇ ಕುಟುಂಬದೊಳಗೆ ಬಂದು ಕುಳಿತವು. ಹೀಗೆ ಬೇರೆಲ್ಲಿಯೂ ಸ್ಥಳ ದೊರೆಯದ ಹಕ್ಕಿಗಳನ್ನೆಲ್ಲ ತುಂಬಿ ತುಂಬಿ, ಆ ಕುಟುಂಬವು ಹಳೆಯ ಮನೆಯ ಅಟ್ಟದ ಮೇಲಿನ ಪೆಟಾರಿಯಂತಾಯಿತು.

ಸಂಗ್ರಹಾಲಯದ ಮೇಜಿನ ಮುಂದೆ ಕುಳಿತವರ ಗೊಂದಲ ಇದಾದರೆ, ಕಾಡಿನಲ್ಲಿ ತಿರುಗಿದವರ ಕೆಲಸ ಹೆಚ್ಚು ಬಾಳಿಕೆಯದಾಗಿತ್ತೆಂದು ನನ್ನ ಅಭಿಪ್ರಾಯ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜರ್ಡನನು 1839ರಲ್ಲಿ ದಕ್ಷಿಣ ಭಾರತದ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸತೊಡಗಿ, ಪಶ್ಚಿಮಘಟ್ಟದ ಕೆಂಗಂದು ಹರಟೆಮಲ್ಲನನ್ನೂ ಅದರ ಬಂಧುವಾದ ನೀಲಗಿರಿಯ ನಗೆಮಲ್ಲನನ್ನೂ ಲೋಕಕ್ಕೆ ಪರಿಚಯಿಸಿದನು. ವಯನಾಡಿನ ಬಾಣಾಸುರ ಬೆಟ್ಟದ ನಗೆಮಲ್ಲನಿಗೆ, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತನು 1851ರಲ್ಲಿ ಜರ್ಡನನ ಹೆಸರನ್ನೇ ಇಟ್ಟನು. ಪಳನಿ ಬೆಟ್ಟದ ನಗೆಮಲ್ಲನನ್ನು ಬ್ಲಾನ್‌ಫರ್ಡ್ ಎಂಬ ಪ್ರಕೃತಿಶಾಸ್ತ್ರಜ್ಞನು 1869ರಲ್ಲಿ ವರ್ಣಿಸಿ, ಫೇರ್‌ಬ್ಯಾಂಕ್ ಎಂಬ ಅಮೆರಿಕದ ಪಾದ್ರಿಯ ಹೆಸರಿನಿಂದ ಕರೆದನು. ಇನ್ನೂ ದಕ್ಷಿಣದ ಹಕ್ಕಿಯನ್ನು 1880ರಲ್ಲಿ ಗುರುತಿಸಿದವನೂ ಅವನೇ.

ಇಪ್ಪತ್ತನೆಯ ಶತಮಾನದಲ್ಲಿ ಪೆಟಾರಿಯನ್ನು ಅಚ್ಚುಕಟ್ಟು ಮಾಡುವ ಯತ್ನಗಳು ನಡೆದವು. ಫ್ರಾನ್ಸಿನ ಝಾಂ ದೆಲಾಕೂರನು 1946ರಲ್ಲಿ ಇಡೀ ಸಮೂಹವನ್ನು ಪರಾಮರ್ಶಿಸಿ ಒಳಪಂಗಡಗಳಾಗಿ ವಿಭಾಗಿಸಿದನು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದ ಸಲೀಂ ಅಲಿಯವರು, ಮುಂದೆ ಡಿಲನ್ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಮಹಾಗ್ರಂಥದಲ್ಲಿ, ಹರಟೆಮಲ್ಲಗಳನ್ನು ನೊಣಹಿಡುಕಗಳ ಬೃಹತ್ ಕುಟುಂಬದ ಒಂದು ಉಪಕುಟುಂಬವೆಂದು ಪರಿಗಣಿಸಿದರು. ಗಂಟು ಮಾತ್ರ ಬಿಚ್ಚಲಿಲ್ಲ.

ಅದನ್ನು ಬಿಚ್ಚಿದುದು ಡಿಎನ್‌ಎ ಪರೀಕ್ಷೆ. ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಎಂಬ ಪಕ್ಷಿಶಾಸ್ತ್ರಜ್ಞರು 1990ರಲ್ಲಿ ಹರಟೆಮಲ್ಲಗಳಿಗೂ ಯೂರೋಪಿನ ಉಲಿಯಕ್ಕಿಗಳಿಗೂ ನಿಕಟಸಂಬಂಧವಿದೆಯೆಂದು ಸಾರಿದರು. 2003ರಲ್ಲಿ ಆಲಿಸ್ ಸಿಬ್ವಾ ಅವರ ಅಧ್ಯಯನವು, ತಲೆಮಾರುಗಳಿಂದ ಬೇರೆ ಕುಟುಂಬವೆಂದೇ ಎಣಿಸಿದ್ದ ಪುಟ್ಟ ಬೆಳ್ಗಣ್ಣಗಳು ವಾಸ್ತವವಾಗಿ ಹರಟೆಮಲ್ಲಗಳ ವಂಶವೃಕ್ಷದ ಒಳಗೇ ಹುಟ್ಟಿದ ಕೊಂಬೆಯೆಂದು ತೋರಿಸಿತು. ಅಮೆರಿಕ ಖಂಡದ ಏಕಮಾತ್ರ ಹರಟೆಮಲ್ಲನೆಂದು ಖ್ಯಾತಿ ಪಡೆದಿದ್ದ ಕ್ಯಾಲಿಫೋರ್ನಿಯದ ಹಕ್ಕಿ ಉಲಿಯಕ್ಕಿಗಳ ಕಡೆಗೆ ಸರಿಯಿತು. ಪೂರ್ವಹಿಮಾಲಯದ ಚುಕ್ಕೆಗಳುಳ್ಳ ಒಂದು ಸಣ್ಣ ಹಕ್ಕಿಗಂತೂ ಹತ್ತಿರದ ಬಂಧುಗಳೇ ಇಲ್ಲವೆಂದು ಕಂಡುಬಂದು, 2014ರಲ್ಲಿ ಅದಕ್ಕೊಂದು ಪ್ರತ್ಯೇಕ ಕುಟುಂಬವನ್ನೇ ಕಲ್ಪಿಸಬೇಕಾಯಿತು. ಇಂದು ನಮ್ಮ ಮಲೆನಾಡಿನ ಕಾಡೊಂದರಲ್ಲಿ ಕಾಣುವ, ಹಳೆಯ ಪುಸ್ತಕಗಳು ಒಂದೇ ಮನೆಯವೆಂದ ಹಕ್ಕಿಗಳು ಹಲವು ಕುಟುಂಬಗಳಲ್ಲಿ ಹಂಚಿಹೋಗಿವೆ. ಕುಡುಗೋಲಿನಂತೆ ಬಾಗಿದ ಕೊಕ್ಕಿನದು ಮೂಲಕುಟುಂಬದಲ್ಲಿಯೇ ಉಳಿದಿದೆ, ಊರಬೇಲಿಯ ನಿಜವಾದ ಹರಟೆಮಲ್ಲನಾದರೋ ಅದನ್ನು ಬಿಟ್ಟು ನಗೆಮಲ್ಲಗಳ ಮನೆಯನ್ನು ಸೇರಿದೆ.

ಬಾಣಾಸುರದ ನಗೆಮಲ್ಲನ ಗತಿಯೂ ವಿಚಿತ್ರವಾದುದು. ಅದು ಒಮ್ಮೆ ಪಳನಿಯ ಹಕ್ಕಿಯೊಡನೆ ಒಂದೇ ಪ್ರಭೇದವೆನಿಸಿತು, ಮತ್ತೊಮ್ಮೆ ನೀಲಗಿರಿಯ ಹಕ್ಕಿಯ ಉಪಪ್ರಭೇದವೆನಿಸಿತು. ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯು, ಪಶ್ಚಿಮಘಟ್ಟದ ಈ ನಗೆಮಲ್ಲಗಳು ಹಿಮಾಲಯದವುಗಳಿಂದ ಬಹುಕಾಲದ ಹಿಂದೆಯೇ ಅಗಲಿದ ಪ್ರತ್ಯೇಕ ಕುಲವೆಂದೂ, ಪಾಲಕ್ಕಾಡಿನ ಕಣಿವೆಯಂತಹ ತಗ್ಗುಗಳಿಂದ ಬೇರ್ಪಟ್ಟು ನಾಲ್ಕು ಪ್ರಭೇದಗಳಾಗಿವೆಯೆಂದೂ ಸ್ಥಾಪಿಸಿ, ಆ ಕುಲಕ್ಕೆ ಮಾಂಟಿಸಿಂಕ್ಲಾ ಎಂದು ಹೆಸರಿಟ್ಟಿತು. ಈ ನಿರ್ಣಯದ ಪ್ರಯೋಜನವು ಗ್ರಂಥಗಳಿಗಷ್ಟೇ ಸೀಮಿತವಲ್ಲ. ಬಾಣಾಸುರದ ಹಕ್ಕಿಯನ್ನು ನೀಲಗಿರಿಯದರೊಡನೆ ಬೆರಸಿ ಎಣಿಸುತ್ತಿದ್ದಷ್ಟು ಕಾಲ, ಅದು ಅಳಿದರೂ ಲೆಕ್ಕದಲ್ಲಿ ನಷ್ಟವು ಕಾಣುತ್ತಿರಲಿಲ್ಲ; ಈಗ ಅದರ ನೆಲೆಯೆಂದರೆ ವಯನಾಡಿನ ಕೆಲವು ಎತ್ತರದ ಬೆಟ್ಟಗಳೂ ಕೊಡಗಿನ ಬ್ರಹ್ಮಗಿರಿಯೂ ಮಾತ್ರವೆಂಬುದು ಸ್ಪಷ್ಟವಾಗಿದೆ. ಆ ಸಾಲಿನ ಶೋಲಾ ಕಾಡುಗಳು ಎರಡು ರಾಜ್ಯಗಳ ಗಡಿಯ ಮೇಲಿರುವುದರಿಂದ, ಅವನ್ನು ಕಾಯುವ ಯೋಜನೆಯನ್ನು ಕರ್ನಾಟಕವೂ ಕೇರಳವೂ ಬೇರೆ ಬೇರೆಯಾಗಿ ಮಾಡದೆ, ಒಟ್ಟಾಗಿ ಕುಳಿತು ಮಾಡಬೇಕು.