‘ವೆಂಟ್’ ಎಲ್ಲಿಂದ ಬಂತು?

ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಒಂದು ಹಂತದಲ್ಲಿ ‘ಗೋ’ಗೆ ‘ಗೋಡ್’ ಎಂದು ಭೂತಕಾಲ ಕಟ್ಟುವುದುಂಟು. ‘ಪ್ಲೇ’ಗೆ ‘ಪ್ಲೇಡ್’ ಆದ ಮೇಲೆ ಇದೂ ಹಾಗೇ ಇರಬೇಕಲ್ಲ. ಮಗುವಿನ ತರ್ಕ ಸರಿಯಾಗಿಯೇ ಇದೆ. ‘ಗೋ’ಗೂ ‘ವೆಂಟ್’ಗೂ ಹುಟ್ಟಿನ ನಂಟೇ ಇಲ್ಲ.

‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೆಯೇ ಕ್ರಿಯಾಪದದ ಭೂತರೂಪ. ಸೆಂಡ್‌ಗೆ ಸೆಂಟ್, ಲೆಂಡ್‌ಗೆ ಲೆಂಟ್ ಇದ್ದಂತೆ ವೆಂಡ್‌ಗೆ ವೆಂಟ್. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತಿರುಗು, ತಿರುಗಿಸು ಎಂಬ ಅರ್ಥವಿತ್ತು. ಸುತ್ತು ಎಂಬರ್ಥದ ‘ವೈಂಡ್’ ಅದರ ದಾಯಾದಿ. ಒಂದು ಕಡೆಗೆ ತಿರುಗಿದವನು ಅತ್ತಲೇ ಹೊರಡುತ್ತಾನೆ. ಹೀಗೆ ಅರ್ಥ ‘ಹೋಗು’ವಿನ ಹತ್ತಿರಕ್ಕೆ ಸರಿಯಿತು. ‘ಗೋ’ ಅದಕ್ಕೂ ಮೊದಲೇ ಭೂತಕಾಲವನ್ನು ಇನ್ನೊಂದು ಧಾತುವಿನಿಂದ ಎರವಲು ಪಡೆದಿತ್ತು. ಸುಮಾರು 15ನೇ ಶತಮಾನದ ಹೊತ್ತಿಗೆ ಆ ಹಳೆಯ ರೂಪ ಮರೆಯಾಗುತ್ತ, ‘ವೆಂಟ್’ ಆ ಜಾಗದಲ್ಲಿ ನೆಲೆಯೂರಿತು. ಭೂತಕಾಲವನ್ನು ಕಳೆದುಕೊಂಡ ‘ವೆಂಡ್’ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪ ಮಾಡಿಕೊಂಡಿತು. ಈಗ ಅದು ನಿಧಾನವಾಗಿ ದಾರಿ ಸವೆಸುವುದನ್ನು ಹೇಳುವ ಒಂದೇ ನುಡಿಗಟ್ಟಿನಲ್ಲಿ ಉಸಿರಾಡುತ್ತಿದೆ. ಸ್ಕಾಟ್ಲೆಂಡಿನ ನುಡಿಯಲ್ಲಿ ಮಾತ್ರ ‘ಗೇಡ್’ ಎಂಬ ಭೂತರೂಪ ಬಳಕೆಗೆ ಬಂತು. ಮಗುವಿನ ತರ್ಕವೇ ಅಲ್ಲಿ ಗೆದ್ದಿತು.

‘ಗೋ’ ಒಂದು ಕಾಲಕ್ಕೆ ಬರೀ ನಡಿಗೆಯನ್ನೂ ಹೇಳುತ್ತಿತ್ತು ಎಂಬುದು ನನಗೆ ಇನ್ನೂ ಇಷ್ಟವಾದ ಸಂಗತಿ. ಕನ್ನಡಕ್ಕೆ ‘ಯಾತ್ರಿಕನ ಸಂಚಾರ’ವಾಗಿ ಬಂದ ಜಾನ್ ಬನ್ಯನ್ನನ 1678ರ ಕೃತಿಯಲ್ಲಿ ಯಾತ್ರಿಕ ಕಡಿದಾದ ಗುಡ್ಡ ಹತ್ತುತ್ತಾನೆ. ಮೊದಲು ಓಡುತ್ತಾನೆ, ಆಮೇಲೆ ‘ಗೋ’ ಮಾಡುತ್ತಾನೆ, ಕೊನೆಗೆ ಕೈ-ಮಂಡಿ ಊರಿ ಏರುತ್ತಾನೆ. ಅಲ್ಲಿ ‘ಗೋ’ವನ್ನು ‘ಹೋಗು’ ಎಂದು ಓದಿದರೆ ವಾಕ್ಯವೇ ಕೈಗೆ ಸಿಗುವುದಿಲ್ಲ. ‘ನಡೆ’ ಎಂದು ಓದಬೇಕು. ಮುಂದೆ ಆ ಕೆಲಸ ‘ವಾಕ್’ನ ಪಾಲಾಯಿತು. ಕಾಲಿನ ಹಂಗು ತಪ್ಪಿದ ‘ಗೋ’ಗೆ ರಸ್ತೆ, ಗಡಿಯಾರ, ದುಡ್ಡು, ಕಾಲ ಎಲ್ಲವೂ ಸಲೀಸು.

ಕಾಲದ ಮಾತು ಬಂತಲ್ಲ: ಹಿಂದೆ ಎಂಬರ್ಥದ ‘ಅಗೋ’ದೊಳಗೆ ಇದೇ ‘ಗೋ’ ಕೂತಿದೆ, ‘ಕಳೆದುಹೋದ’ ಎಂಬ ಅರ್ಥದಲ್ಲಿ. ನಾವು ‘ಹೋದ ವಾರ’ ಅನ್ನುವುದಿಲ್ಲವೇ? ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ, ಆದರೂ ಎರಡೂ ಕಾಲವನ್ನು ನಡೆಸಿವೆ. ಹಾಳಾಗುವುದೂ ಎರಡರಲ್ಲೂ ಹೋಗುವುದೇ. ಹಾಲು ಅಲ್ಲಿ ‘ಗೋಸ್ ಬ್ಯಾಡ್’, ಇಲ್ಲಿ ಕೆಟ್ಟುಹೋಗುತ್ತದೆ. ಕನಸು ನನಸಾದರೆ ಅಲ್ಲಿ ‘ಕಮ್’ ಬೇಕು; ಇಲ್ಲಿಯೂ ಮದುವೆ ಕೂಡಿ ಬರುತ್ತದೆ, ಮುರಿದರೆ ಮುರಿದುಹೋಗುತ್ತದೆ. ಆಗಬೇಕಾದದ್ದು ನಮ್ಮ ಕಡೆಗೆ ಬರುತ್ತದೆ, ಆಗಬಾರದ್ದು ನಮ್ಮಿಂದ ದೂರ ಹೋಗುತ್ತದೆ. ಜ್ವರ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮಲ್ಲಿ ಅದು ಬರುತ್ತದೆ, ಇಂಗ್ಲಿಷಿನಲ್ಲೂ ‘ಕಮ್ ಡೌನ್’ ಎಂದೇ ಹೇಳುತ್ತಾರೆ. ಆದರೆ ಅಲ್ಲಿ ಬರುವುದು ಜ್ವರವಲ್ಲ, ರೋಗಿ.